ಇಲ್ಲಿ ಬೆಳಕಿದೆ ಅಲ್ವಾ

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಫ್ರಿಜ್ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಿದ್ದಳು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಟ್ಯೂಬ್‌ಲೈಟ್ ಕಡೆಗೆ ಎತ್ತಿ ಹಿಡಿದಿದ್ದಳು. ಒಂದು ಕಡೆ ರಾತ್ರಿಯ ಪಾತ್ರೆ, ಇನ್ನೊಂದು ಕಡೆ ಕಸದ ಬುಟ್ಟಿ.

"ಹಾಲ್‌ನಲ್ಲಿ ಕೂತ್ಕೋಬಾರ್ದೇನಮ್ಮ?" ಅಂದೆ.

"ಇಲ್ಲಿ ಬೆಳಕಿದೆ ಅಲ್ವಾ" ಅಂದಳು. ತಲೆ ಎತ್ತಲಿಲ್ಲ. ದೂರು ಹೇಳುವ ದನಿ ಅದಲ್ಲ. ಹೊರಗೆ ಮಳೆ ಬರ್ತಿದೆ ಅನ್ನುವಷ್ಟೇ ಸಲೀಸಾಗಿ ಹೇಳಿದಳು.

ನಮ್ಮ ಹಾಲ್‌ನಲ್ಲಿ ಹದಿನಾಲ್ಕು ದೀಪಗಳಿವೆ.

ಮೂರು ತಿಂಗಳ ಹಿಂದೆ ಫಾಲ್ಸ್ ಸೀಲಿಂಗ್ ಮಾಡಿಸಿದೆವು. ಅಂಚಿನಲ್ಲಿ ಸ್ಟ್ರಿಪ್ ಲೈಟ್, ನಡುವೆ ಸಣ್ಣ ಸಣ್ಣ ಸ್ಪಾಟ್ ಲೈಟ್, ಟೀವಿ ಗೋಡೆಗೆ ಬೇರೆ ಸಾಲು. ಎಲ್ಲವೂ ವಾರ್ಮ್ ವೈಟ್, ಅಂದರೆ ಹಳದಿ ಬೆರೆತ ಬಿಳಿ. ಒಳಾಂಗಣ ಮಾಡಿಕೊಟ್ಟ ಹುಡುಗ "ಹೋಟೆಲ್ ಲುಕ್ ಬರತ್ತೆ ಮೇಡಂ" ಅಂದಿದ್ದ. ಬಂತು ಕೂಡ. ಬಂದವರೆಲ್ಲ ಫೋಟೊ ತೆಗೆದುಕೊಂಡು ಹೋದರು. ಆ ಹುಡುಗ ಕೆಟ್ಟವನಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಸಿದ, ಹೇಳಿದ ದುಡ್ಡಿಗಿಂತ ಜಾಸ್ತಿ ಕೇಳಲಿಲ್ಲ. ಟೀವಿ ಎಷ್ಟು ಇಂಚು, ಸೋಫಾ ಯಾವ ಬಣ್ಣ, ಪರದೆ ಯಾವ ಬಟ್ಟೆ, ಎಲ್ಲ ಕೇಳಿದ. ಬಂದಾಗಲೆಲ್ಲ ಅಮ್ಮನ ಕೈ ಕಾಫಿ ಕುಡಿದ. ಆದರೆ ನೀವು ಎಲ್ಲಿ ಕೂತು ಓದ್ತೀರಿ ಅಂತ ಅಮ್ಮನನ್ನು ಒಂದು ಸಲವೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವನಿಗಿಂತ ನನ್ನದು ದೊಡ್ಡ ತಪ್ಪು ಅಂತಲೇ ನನಗೆ ಅನ್ನಿಸುತ್ತದೆ.

ಇಡೀ ದಿನ ಆಫೀಸಿನಲ್ಲಿ ಅದೇ ಮಾತು ಕಿವಿಯಲ್ಲಿತ್ತು. ಇಲ್ಲಿ ಬೆಳಕಿದೆ ಅಲ್ವಾ. ಹಾಗಾದರೆ ಎಷ್ಟು ದಿನದಿಂದ ಅಲ್ಲಿ ಕೂರುತ್ತಿದ್ದಾಳೆ? ಹೋದ ತಿಂಗಳು ನೀಲಿ ರವಿಕೆಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿದ್ದಳು. ವಯಸ್ಸಾಯ್ತು ಅಂತ ನಾವು ಸುಮ್ಮನಾಗಿದ್ದೆವು. ಅವತ್ತು ಅವಳು ಹೊಲಿದದ್ದು ಹಾಲ್‌ನಲ್ಲೇ.

ಸಂಜೆ ನನ್ನ ಗಂಡನಿಗೆ ಹೇಳಿದೆ. "ಕನ್ನಡಕದ ನಂಬರ್ ಬದಲಾಗಿರಬೇಕು, ತೋರಿಸೋಣ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮನೆಯಲ್ಲಿ ಏನೇ ಸರಿಯಿಲ್ಲದಿದ್ದರೂ ಮೊದಲು ಮನುಷ್ಯರನ್ನೇ ಸರಿಮಾಡಲು ಹೊರಡುತ್ತೇವಲ್ಲ, ಅದು ನನಗೆ ಹಿಡಿಸಲಿಲ್ಲ. ಕನ್ನಡಕ ಮಾಡಿಸಿ ಇನ್ನೂ ವರ್ಷ ಆಗಿಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿದೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದೆ. ಅಲ್ಲಿ ನಡೆಯುವುದೇ ಕಷ್ಟ. ಗಾಡಿ, ಕೈಗಾಡಿ, ತಲೆ ಮೇಲೆ ಪೆಟ್ಟಿಗೆ ಹೊತ್ತವರು. ಮೂರು ಅಂಗಡಿಯಲ್ಲಿ "ಬಜೆಟ್ ಎಷ್ಟು ಮೇಡಂ" ಅಂದರು. ನಾಲ್ಕನೆಯದು ಒಂದು ಕಿರಿದಾದ ಅಂಗಡಿ. ಎಪ್ಪತ್ತರ ಹತ್ತಿರದ ಯಜಮಾನರು ಕೂತಿದ್ದರು. ಹಾಲ್‌ಗೆ ದೀಪ ಬೇಕು ಅಂದೆ.

"ಅಲ್ಲಿ ಯಾರು ಕೂತ್ಕೋತಾರಮ್ಮ? ಕೂತು ಏನು ಮಾಡ್ತಾರೆ?"

ನನಗೆ ಗಂಟಲು ಕಟ್ಟಿತು. ಹದಿನಾಲ್ಕು ದೀಪ ಹಾಕಿಸುವಾಗ ಯಾರೂ ಕೇಳದ ಪ್ರಶ್ನೆ ಅದು. ಅಮ್ಮನಿಗೆ ಎಪ್ಪತ್ತೊಂದು, ಪೇಪರ್ ಓದ್ತಾಳೆ, ಹೂ ಕಟ್ತಾಳೆ, ಹೊಲಿಗೆ ಹಾಕ್ತಾಳೆ ಅಂದೆ.

ಅವರು ಒಂದು ಬಲ್ಬಿನ ಡಬ್ಬಿ ತೆಗೆದು ತಿರುಗಿಸಿ ತೋರಿಸಿದರು. ಎಲ್ಲರೂ ವ್ಯಾಟ್ ಮಾತ್ರ ನೋಡುತ್ತಾರೆ. ಅದು ಕರೆಂಟ್ ಎಷ್ಟು ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ಬೆಳಕು ಕೊಡುತ್ತದೆ ಅನ್ನುವುದಕ್ಕೆ ಲೂಮೆನ್ ನೋಡಬೇಕು. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಸುಮಾರು 900 ಲೂಮೆನ್ ಕೊಡುತ್ತದೆ. ಕೆಲ್ವಿನ್ ಅಂತ ಇರುವುದು ಬೆಳಕಿನ ಬಣ್ಣ. 3000 ಅಂದರೆ ಹಳದಿ, 6500 ಅಂದರೆ ನಮ್ಮ ಅಡುಗೆಮನೆ ಟ್ಯೂಬ್‌ಲೈಟಿನ ಹಾಗೆ ನೀಲಿ ಬೆರೆತ ಬಿಳಿ, 4000 ನಡುವಿನದು. ಸಿಆರ್‌ಐ ಅಂತ ಇನ್ನೊಂದು ನಂಬರ್ ಇರುತ್ತದೆ. 100ಕ್ಕೆ ಹತ್ತಿರ ಇದ್ದಷ್ಟೂ ಬಣ್ಣಗಳು ನಿಜವಾಗಿ ಕಾಣುತ್ತವೆ. ಸಾಮಾನ್ಯ ಎಲ್‌ಇಡಿ ಬಲ್ಬಿಗೆ ಸುಮಾರು 80 ಇರುತ್ತದೆ. ದಾರದ ಕೆಲಸ ಮಾಡುವವರಿಗೆ 90 ಇರುವುದು ಕೊಡಿ ಅಂದರು. ನೀಲಿ ರವಿಕೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

"ಹಳದಿ ಲೈಟಿನ ತಪ್ಪಲ್ಲಮ್ಮ. ಲೈಟು ಅವರ ಹತ್ತಿರ ಇಲ್ಲ, ಅಷ್ಟೇ."

ದೀಪ ಎರಡು ಪಟ್ಟು ದೂರ ಹೋದರೆ ಪುಟದ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸೀಲಿಂಗಿನ ಸ್ಪಾಟ್ ಲೈಟು ತಲೆ ಮೇಲಿಂದ ನೇರ ಬಿದ್ದರೆ ಓದುವವರ ನೆರಳೇ ಪೇಪರ್ ಮೇಲೆ. ಮೇಲೆ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ. ಮತ್ತೆ ವಯಸ್ಸಿನದೊಂದು ಲೆಕ್ಕ ಇದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿ ತಿರುಗುತ್ತದೆ. ಒಂದೇ ಕೋಣೆಯಲ್ಲಿ ಕೂತರೂ 20 ವರ್ಷದವರ ಕಣ್ಣೊಳಗೆ ಹೋಗುವ ಬೆಳಕಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ 60 ವರ್ಷದವರ ಕಣ್ಣಿನ ಹಿಂಭಾಗವನ್ನು ತಲುಪುತ್ತದೆ. ಅಂದರೆ ನನಗೆ ಚೆನ್ನಾಗಿ ಕಾಣುತ್ತಿದ್ದ ಆ ಹಾಲ್ ಅಮ್ಮನಿಗೆ ಮುಸ್ಸಂಜೆ. ಮೂರು ತಿಂಗಳು ಅವಳು ಮುಸ್ಸಂಜೆಯಲ್ಲಿ ಓಡಾಡಿಕೊಂಡಿದ್ದಳು. ನಾನು ಅದೇ ಸೋಫಾದಲ್ಲಿ ಕೂತಿದ್ದೆ.

ಒಂದು ನಿಲ್ಲುವ ದೀಪ ಕೊಂಡೆ. ಕತ್ತು ಬಾಗಿಸಬಹುದು. 9 ವ್ಯಾಟ್, 4000 ಕೆಲ್ವಿನ್, ಸಿಆರ್‌ಐ 90. ಬೆಳಕು ಎಡ ಭುಜದ ಹಿಂದಿನಿಂದ ಬರಲಿ, ಹೊಲಿಯುವ ಬಲಗೈ ನೆರಳು ಅಡ್ಡ ಬರಲ್ಲ ಅಂದರು. ಬಿಲ್ 2,400 ರೂಪಾಯಿ. ಫಾಲ್ಸ್ ಸೀಲಿಂಗಿಗೆ ಎಷ್ಟಾಯಿತು ಅಂತ ಇಲ್ಲಿ ಬರೆಯಲು ಮನಸ್ಸಿಲ್ಲ.

ಅಮ್ಮನಿಗೆ ಮಲ್ಲಿಗೆ ತರೋಣ ಅಂತ ಕೆ.ಆರ್. ಮಾರ್ಕೆಟ್‌ವರೆಗೆ ನಡೆದೆ. 1905ರಲ್ಲಿ ಬೆಂಗಳೂರಿನ ಮೊದಲ ಕರೆಂಟಿನ ಬೀದಿದೀಪ ಹತ್ತಿದ್ದು ಈ ಮಾರ್ಕೆಟ್ ಹತ್ತಿರವೇ. ಕರೆಂಟು ಶಿವನಸಮುದ್ರದಿಂದ ಬಂದದ್ದು. ಅಷ್ಟು ದೂರದಿಂದ ತಂದ ಬೆಳಕನ್ನು ಮೊದಲು ಜನ ಓಡಾಡುವ ಜಾಗಕ್ಕೆ ಹಾಕಿದರಲ್ಲ ಅಂತ ಹೂವಿನವರ ಮುಂದೆ ನಿಂತಾಗ ಅನ್ನಿಸಿತು. ಅವರೂ ತಮ್ಮ ಬಲ್ಬನ್ನು ಬುಟ್ಟಿಯ ಮೇಲೆ, ಒಂದೇ ಮೊಳ ಎತ್ತರದಲ್ಲಿ ಇಳಿಬಿಟ್ಟಿದ್ದರು. ತಿಪಟೂರಿನ ಮನೆಯಲ್ಲಿ ಅಪ್ಪನೂ ಹಾಗೇ ಮಾಡುತ್ತಿದ್ದರು. ಉದ್ದ ವೈರಿಗೆ ಒಂದು ಬಲ್ಬು. ಕೊಬ್ಬರಿ ಒಡೆಯುವ ದಿನ ಹಜಾರಕ್ಕೆ, ಹಸು ಕರು ಹಾಕಿದ ರಾತ್ರಿ ಕೊಟ್ಟಿಗೆಗೆ. ಕೆಲಸ ಎಲ್ಲೋ ಬಲ್ಬು ಅಲ್ಲಿ. ಪರೀಕ್ಷೆ ಬಂದರೆ ನಾವು ಓದುವ ಚಾಪೆಯ ಹತ್ತಿರ ಮೊಳೆ ಹೊಡೆದು ಅದನ್ನೇ ನೇತುಹಾಕುತ್ತಿದ್ದರು. ಅದರ ಕೆಳಗೇ ಓದಿ ನಾನು ಕೆಲಸಕ್ಕೆ ಸೇರಿದೆ. ಆ ಮನೆಯ ಮಗಳು ನಾನು.

ರಾತ್ರಿ ದೀಪ ಜೋಡಿಸಿ ಅಮ್ಮನ ಕುರ್ಚಿ ಹಿಂದೆ ನಿಲ್ಲಿಸಿದೆ. "ಇಷ್ಟೊಂದು ಯಾಕೆ ಖರ್ಚು ಮಾಡಿದೆ?" ಅಂದಳು. ದೀಪದ ಕತ್ತು ಹಿಡಿದು ಎರಡು ಬೆರಳು ಕೆಳಗೆ ಬಗ್ಗಿಸಿಕೊಂಡಳು. ಆಮೇಲೆ ಆ ನೀಲಿ ರವಿಕೆಯನ್ನು ತಂದು ಕಪ್ಪು ದಾರ ಬಿಚ್ಚತೊಡಗಿದಳು.

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಸ್ಟೂಲ್ ಖಾಲಿ ಇತ್ತು. ಕಾಫಿಗೆ ಹಾಲಿಟ್ಟೆ. ನಮ್ಮ ತೋಟ ಮಾರಿ ಆರು ವರ್ಷ ಆಗಿದೆ. ಆದರೂ ಅಮ್ಮ ಕೊಬ್ಬರಿ ಧಾರಣೆ ನೋಡದೆ ಪೇಪರ್ ಮುಚ್ಚುವವಳಲ್ಲ. ಇಡೀ ಪೇಪರಿನಲ್ಲಿ ಅದಕ್ಕಿಂತ ಸಣ್ಣ ಅಕ್ಷರ ಇನ್ನೊಂದಿಲ್ಲ.

"ತಿಪಟೂರಲ್ಲಿ ರೇಟು ಏರಿದೆ ನೋಡೇ!" ಅಂತ ಹಾಲ್‌ನಿಂದ ಕೂಗಿದಳು.