ನೆರೆಮನೆಯ ಮದ್ದುಸೊಪ್ಪು

ಹೊರಗಿನಿಂದ ಬಂದು ಕೊಡಗಿನಲ್ಲಿ ಬೆಳೆದವರಿಗೆ ಕೊಡವ ನೆರೆಮನೆಯ ಪದ್ಧತಿಗಳನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ, ನೋಡಿಯೇ ತಿಳಿಯಬೇಕು. ಹಿರಿಯರ ಕಾಲನ್ನು ಮೂರು ಸಲ ಮುಟ್ಟಿ ನಮಸ್ಕರಿಸುವುದೂ ಹಾಗೆಯೇ.

ನನಗೆ ಬಲು ಇಷ್ಟದ್ದು ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರ. ಅಂದಿಗೆ ಮದ್ದುಸೊಪ್ಪು ಅನ್ನೋ ಗಿಡದಲ್ಲಿ 18 ಬಗೆ ಔಷಧ ಸೇರಿರುತ್ತದೆ ಅನ್ನೋದು ನಂಬಿಕೆ. ಮದ್ದುಸೊಪ್ಪಿನ ಎಲೆ, ಎಳೆ ಕಾಂಡ ತೊಳೆದು ಕುದಿಸಿ ಸೋಸಿದರೆ ಕಡುನೇರಳೆ ರಸ, ಜೊತೆಗೆ ಮನೆತುಂಬಾ ಘಮ. ಪಾಯಸಕ್ಕೆ ಆ ರಸದಲ್ಲೇ ಅಕ್ಕಿ ಬೇಯಬೇಕು. ಬೆಲ್ಲ, ತೆಂಗಿನತುರಿ ಆಮೇಲೆ. ಬೆಲ್ಲ ಮೊದಲೇ ಬಿದ್ದರೆ ಅಕ್ಕಿ ಸರಿಯಾಗಿ ಬೇಯುವುದಿಲ್ಲ. ತಿಂದಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ, ಸೊಪ್ಪಿನ ಬಣ್ಣ ಅದು.

ಬಟ್ಟಲು ಮುಂದಿಟ್ಟಾಗ ಬೇಡ ಅನ್ನಬೇಡಿ. ತುಪ್ಪ ಹಾಕಿಕೊಂಡು ಎರಡು ತುತ್ತಾದರೂ ತಿನ್ನಿ.