ಮೊದಲು ಸ್ಟ್ರೆಚರಿಗೆ ಜಾಗ, ಆಮೇಲೆ ಮಿಕ್ಕಿದ್ದು

ಹುಡುಕಾಟ, ರಕ್ಷಣೆ ಕೆಲಸಕ್ಕೆ ಜೀಪು ಸಜ್ಜು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಬಗ್ಗೆ. ಆಮೇಲೆ ದಪ್ಪ ಟೈರು, ಆಮೇಲೆ ದೀಪದ ಸಾಲು. ನಾನು ಕೈಗೆ ಟೇಪು ಕೊಟ್ಟು, ಹಿಂಬಾಗಿಲು ತೆಗೆದು ಅಳೆಯಿರಿ ಅನ್ನುತ್ತೇನೆ. ಬುಟ್ಟಿಯಂಥ ಸ್ಟ್ರೆಚರು ಹೆಚ್ಚುಕಮ್ಮಿ 2 ಮೀಟರ್ ಉದ್ದ, 60 ಸೆಂ.ಮೀ. ಅಗಲ ಇರುತ್ತದೆ. ಕಾಲು ಮುರಿದವರನ್ನು ಅದರಲ್ಲಿ ಮಲಗಿಸಿ ಒಳಗೆ ತಳ್ಳಿದರೆ ಬಾಗಿಲು ಹಾಕಿಕೊಳ್ಳುತ್ತದಾ? ತಲೆಯ ಪಕ್ಕ ಒಬ್ಬರು ಕೂತು ಉಸಿರಾಟ ಗಮನಿಸಲು ಜಾಗ ಇದೆಯಾ? ಇಲ್ಲವಾದರೆ ಮಿಕ್ಕಿದ್ದೆಲ್ಲ ಬರೀ ಶೋಕಿ. ಅಂದಹಾಗೆ, ಗಾಡಿ ಎತ್ತರ ಮಾಡಿಸಿದಷ್ಟೂ ಆ ಸ್ಟ್ರೆಚರನ್ನು ಮೇಲೆತ್ತುವವರ ಸೊಂಟ ಬೀಳುತ್ತದೆ.

ನನ್ನ ಗಾಡಿಯಲ್ಲಿ ಚಾಲಕನ ಪಕ್ಕದ ಸೀಟು, ಅದರ ಹಿಂದಿನದು ಎರಡೂ ಮಡಚಿಕೊಳ್ಳುತ್ತವೆ. ಆ ಬದಿಗೆ ಯಾರಾದರೂ ನೀರಿನ ಬಾಟಲಿ ಇಟ್ಟರೂ ನನ್ನಿಂದ ಬೈಸಿಕೊಳ್ಳುತ್ತಾರೆ. ನೆಲಕ್ಕೆ ಸ್ಟ್ರೆಚರ್ ಬಿಗಿಯಲು ಕೊಂಡಿಗಳು, ಅದರ ಮೇಲೆ ದಪ್ಪ ಫೋಮಿನ ಹಾಸು. ಚಳಿಗೆ ನಡುಗುತ್ತಿರುವವರಿಗೆ ಮೇಲೆ ಎಷ್ಟೇ ಹೊದಿಸಿ, ಕೆಳಗಿನ ತಣ್ಣನೆ ತಗಡು ಮೈಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ.

ನಿಜವಾದ ಶತ್ರು ತೂಕ. ಕಬ್ಬಿಣದ ಬಂಪರು, ವಿಂಚು (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ), ಎರಡನೇ ಬ್ಯಾಟರಿ, ನೀರು, ಹಗ್ಗ, ಜೊತೆಗೆ ನಾಲ್ಕು ಜನ ಅಂತ ಕೂಡಿಸುತ್ತಾ ಹೋದರೆ ಕಂಪನಿ ಕೊಟ್ಟ ಮಿತಿಯಲ್ಲಿ ಗಾಯಾಳುವಿನ ತೂಕಕ್ಕೇ ಜಾಗ ಉಳಿದಿರುವುದಿಲ್ಲ. ಎಲ್ಲ ತುಂಬಿಸಿ ಒಂದು ಸಲ ಲಾರಿ ತೂಗುವ ವೇಬ್ರಿಡ್ಜಿಗೆ ಹತ್ತಿಸಿ ನೋಡಿ, ಅರ್ಧ ಸಾಮಾನು ತಾನಾಗೇ ಇಳಿಯುತ್ತದೆ. ಮೇಲಿನ ಕ್ಯಾರಿಯರಿನಲ್ಲಿ ನಾನು ಇಡುವುದು ಹೂತ ಚಕ್ರದಡಿ ಹಾಕುವ ಹಗುರವಾದ ಪ್ಲಾಸ್ಟಿಕ್ ಹಲಗೆಗಳನ್ನು ಮಾತ್ರ. ಪಕ್ಕಕ್ಕೆ ವಾಲಿದ ದಾರಿಯಲ್ಲಿ ತಲೆಭಾರದ ಗಾಡಿ ಯಾರ ಮಾತೂ ಕೇಳುವುದಿಲ್ಲ.

ವಿಂಚಿನ ಎಳೆಯುವ ಶಕ್ತಿ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಇರಲಿ. 3 ಟನ್ನಿನ ಗಾಡಿಗೆ 4.5 ಟನ್. ಆದರೆ ಡಬ್ಬಿಯ ಮೇಲೆ ಬರೆದ ಸಂಖ್ಯೆ ಹಗ್ಗ ಸುತ್ತುವ ಡ್ರಮ್ಮಿನ ಮೊದಲ ಪದರಕ್ಕಷ್ಟೇ ಅನ್ವಯ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಂಡಂತೆಲ್ಲ ಬಲ ಇಳಿಯುತ್ತದೆ. ಅದಕ್ಕೇ ಒಂದು ರಾಟೆ ಜೊತೆಗಿರಬೇಕು. ಅದನ್ನು ಮರಕ್ಕೆ ಕಟ್ಟಿ, ಹಗ್ಗ ಹಾಯಿಸಿ ತುದಿಯನ್ನು ಗಾಡಿಗೇ ವಾಪಸ್ ಸಿಕ್ಕಿಸಿದರೆ ವೇಗ ಅರ್ಧ, ಬಲ ಹತ್ತಿರ ಹತ್ತಿರ ಎರಡು ಪಟ್ಟು. ನಾನು ಉಕ್ಕಿನ ತಂತಿ ಬಿಟ್ಟು ಸಿಂಥೆಟಿಕ್ ಹಗ್ಗಕ್ಕೆ ಬದಲಾಯಿಸಿದ್ದೇನೆ. ಬಂಡೆಗೆ ಉಜ್ಜಿದರೆ ಬೇಗ ಹಾಳಾಗುತ್ತದೆ, ನಿಜ; ಆದರೆ ಹಗುರ, ತುಂಡಾದರೂ ತಂತಿಯ ಹಾಗೆ ಚಾಟಿ ಬೀಸುವುದಿಲ್ಲ. ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಮಾತ್ರ ಯಾವತ್ತೂ ಹಗ್ಗ ಹಾಕಿ ಎಳೆಯಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ.

ದೀಪದ ಬಗ್ಗೆ ನನ್ನದು ಸ್ವಲ್ಪ ಮೊಂಡುವಾದ. ಮುಂದಿನ ದೊಡ್ಡ ಸಾಲು ಮಂಜಿನಲ್ಲಿ ಬಿಳಿ ಗೋಡೆ ಎಬ್ಬಿಸುತ್ತದೆ. ನಾವು ಹುಡುಕುವವರು ರಸ್ತೆ ನಡುವೆ ನಿಂತಿರುವುದಿಲ್ಲ, ಪಕ್ಕದ ಪೊದೆಯಲ್ಲೋ ಚರಂಡಿಯಲ್ಲೋ ಬಿದ್ದಿರುತ್ತಾರೆ. ಹಾಗಾಗಿ ಎರಡೂ ಬದಿಗೆ ಹರಡುವ ದೀಪ ಮೊದಲು. ಒಳಗೆ ನಕ್ಷೆ ನೋಡಲು ಮಂದ ಕೆಂಪು ಬಲ್ಬು ಸಾಕು. ಬಿಳಿ ದೀಪ ಹಾಕಿದಿರೋ, ಕಣ್ಣು ಮತ್ತೆ ಕತ್ತಲೆಗೆ ಒಗ್ಗಲು 20–30 ನಿಮಿಷ ಬೇಕು.

ಎರಡನೇ ಬ್ಯಾಟರಿ ಯಾಕೆ ಅಂದರೆ, ಕೂಗು ಕೇಳಬೇಕಾದರೆ ಎಂಜಿನ್ ಆಫ್ ಆಗಿರಬೇಕು. ಹೆಸರು ಹಿಡಿದು ಕರೆಯುವುದು, ಸುಮ್ಮನಾಗುವುದು, ಕಿವಿಗೊಡುವುದು. ಅಷ್ಟು ಹೊತ್ತೂ ರೇಡಿಯೊ ನಡೆಯುತ್ತಿರಬೇಕು, ಸ್ಟಾರ್ಟ್ ಮಾಡುವ ಬ್ಯಾಟರಿ ಇಳಿಯಬಾರದು; ಅದಕ್ಕೆ ನಡುವೆ ಎರಡೂ ಬ್ಯಾಟರಿಗಳನ್ನು ಬೇರ್ಪಡಿಸುವ ಐಸೊಲೇಟರ್. ರೇಡಿಯೊ ಆಂಟೆನಾ ಬಂಪರಿನಲ್ಲಲ್ಲ, ಛಾವಣಿಯ ನಡುಮಧ್ಯೆ. ಸುತ್ತಲಿನ ತಗಡೇ ಅದರ ಅರ್ಧ ಬಲ.

ಇನ್ನು ಟೈರಿನ ಗಾಳಿ ಇಳಿಸುವುದು, ಕಂಪ್ರೆಸರಿನಲ್ಲಿ ತುಂಬುವುದು ಎಲ್ಲರಿಗೂ ಗೊತ್ತಿರುವುದೇ. ಗಾಯಾಳು ಒಳಗಿರುವಾಗ ಹಿಂಬಾಗಿಲು ತೆರೆದು ಎಂಜಿನ್ ಓಡಿಸಬೇಡಿ, ಹೊಗೆ ಒಳಗೇ ಸುತ್ತುತ್ತದೆ. ಜಾಗಕ್ಕೆ ಹೋದ ಕೂಡಲೇ ಗಾಡಿಯನ್ನು ವಾಪಸ್ ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಕೀಲಿ ಜೇಬಿಗೆ ಹಾಕಿಕೊಳ್ಳಬೇಡಿ, ಕ್ಯಾಂಪಿನಲ್ಲಿ ಉಳಿಯುವವರ ಕೈಗೆ ಕೊಡಿ. ಸ್ಟ್ರೆಚರ್ ಕೆಳಗಿಳಿಯುವ ಹೊತ್ತಿಗೆ ನೀವು ಇನ್ನೂ ಗುಡ್ಡದ ಮೇಲೇ ಇರಬಹುದು.