ಚಿತ್ತೆ ಮಳೆಯಲ್ಲಿ ಒಂದು ನಾಗಬನ

"ಎಲೆ ಬಿದ್ದು ಗಲೀಜಾಗ್ತದಂತೆ" ಎಂದು ಆ ಅಮ್ಮ ಹೇಳಿದ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಉಡುಪಿಯಿಂದ ಪೆರ್ಡೂರಿನ ಕಡೆಗೆ ಹೋಗುವಾಗ ಸಿಗುವ ಒಂದು ಹಾಡಿಯೊಳಗೆ (ಊರಿನ ಚಿಕ್ಕ ಕಾಡು), ಚಿತ್ತೆ ಮಳೆ ಹನಿ ಕಡಿಯದೆ ಸುರಿಯುತ್ತಿದ್ದ ಮಧ್ಯಾಹ್ನ, ಅವರ ಮನೆತನದವರು ನಾಗನನ್ನು ಪೂಜಿಸುವ ಮರಗಳ ತೋಪಾದ ನಾಗಬನದ ಚಿತ್ರ ತೆಗೆಯಲು ನಾನು ಹೋಗಿದ್ದೆ. ಚಪ್ಪಲಿ ಹೊರಗೆ ಬಿಡಬೇಕು, ನಾಗನ ಕಲ್ಲುಗಳ ಹತ್ತಿರ ಹೋಗಬಾರದು ಎಂಬ ಕಟ್ಟಳೆ ಹೇಳಿ ಅವರು ಮೊದಲೇ ಒಪ್ಪಿಗೆ ಕೊಟ್ಟಿದ್ದರು.

ಶರತ್ಕಾಲದ ಕಾಡೆಂದರೆ ಕ್ಯಾಲೆಂಡರಿನಲ್ಲಿ ಕಾಣುವ ಕೆಂಪು, ಹಳದಿ ಎಲೆಗಳೇ ಹೆಚ್ಚಿನವರ ಕಣ್ಣ ಮುಂದೆ ಬರುತ್ತವೆ. ನಮ್ಮ ಕರಾವಳಿಯ ನಿತ್ಯಹಸುರಿನ ಮರಗಳು ಆಶ್ವಯುಜದಲ್ಲಿ ಹಾಗೆ ಒಮ್ಮೆಗೇ ಎಲೆ ಕಳಚುವುದಿಲ್ಲ. ಇಲ್ಲಿ ಬಣ್ಣವನ್ನು ತೊಗಟೆಯಲ್ಲಿ ಹುಡುಕಬೇಕು. ಒಣಗಿದಾಗ ಬೂದು ಬಣ್ಣದಲ್ಲಿರುವ ಕಲ್ಲುಹೂವು ಮಳೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಹಸಿರಾಗುತ್ತದೆ. ಅದರ ಹೊರಪದರ ನೆನೆದು ತಿಳಿಯಾದಾಗ ಒಳಗೆ ಬದುಕಿರುವ ಪಾಚಿಯ ಬಣ್ಣ ಹೊರಗೆ ತೋರುತ್ತದೆ. ಮೋಡ ಕವಿದ ಆಕಾಶ ಗಾಢವಾದ ನೆರಳುಗಳನ್ನು ಅಳಿಸಿ ಬೆಳಕನ್ನು ಹದವಾಗಿ ಹಂಚುವುದರಿಂದ ಇಂಥ ಚಿತ್ರಗಳಿಗೆ ಬಿಸಿಲಿಗಿಂತ ಮಳೆಯೇ ಮೇಲು. ಆದರೆ ಒದ್ದೆ ಎಲೆಗಳ ಬಿಳಿ ಹೊಳಪು ಹಸಿರನ್ನು ಮುಚ್ಚಿಬಿಡುತ್ತದೆ. ಅದನ್ನು ತಗ್ಗಿಸಲು ಲೆನ್ಸಿನ ಮುಂದೆ ಪೋಲರೈಸಿಂಗ್ ಫಿಲ್ಟರ್ ಹಾಕಿ ತಿರುಗಿಸಿದರೆ, ಅದು ಬೆಳಕಿನ ಸುಮಾರು ಕಾಲು ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಮೊದಲೇ ಮಬ್ಬಾಗಿದ್ದ ಆ ಬನದಲ್ಲಿ ಶಟರನ್ನು ಅರ್ಧ ಸೆಕೆಂಡಿನಷ್ಟು ಹೊತ್ತು ತೆರೆದಿಡಬೇಕಾಯಿತು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಎಲೆಗಳ ಅಲುಗಾಟ ನಿಲ್ಲಲೆಂದು ಕಾಯುತ್ತಿದ್ದಾಗ ಅಮ್ಮ ಕೊಡೆ ಹಿಡಿದು ಬಂದರು.

"ಎಲ್ಲ ಮರದ್ದೂ ತೆಗಿ ಮಗಾ. ಬರುವ ನಾಗರಪಂಚಮಿಗೆ ಇಲ್ಲಿ ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕುವುದು."

"ಮರಗಳು, ಅಮ್ಮಾ?"

"ಎಲೆ ಬಿದ್ದು ಗಲೀಜಾಗ್ತದಂತೆ. ಹಲಸು, ಸುರಗಿ ಎರಡೂ ಹೋಗ್ತದೆ."

ಅವರು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಬೇರೆಯವರ ತೀರ್ಮಾನವನ್ನು ನನಗೆ ದಾಟಿಸಿ, ಹಲಸಿನ ಬುಡದತ್ತ ಒಮ್ಮೆ ನೋಡಿ ಸುಮ್ಮನಾದರು. ಖರ್ಚು ಹಾಕುವವರು ಮುಂಬೈಯಲ್ಲಿರುವ ಅವರ ತಮ್ಮ. ಅವರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ನಾಗರಪಂಚಮಿಗೆ ತಪ್ಪದೆ ಊರಿಗೆ ಬಂದು ನಾಗನ ಕಲ್ಲಿಗೆ ತನು (ಹಾಲು, ಎಳನೀರು) ಎರೆಯುವವರು ಅವರು. ಆದರೂ ಬನವನ್ನು ದೇವಸ್ಥಾನದ ಅಂಗಳದಂತೆ ಗುಡಿಸಿ ಇಡಬೇಕೆಂಬ ಯೋಚನೆ ನನಗೆ ಸರಿ ಕಾಣುವುದಿಲ್ಲ. ಹಾವಿಗೆ ಬೇಕಾದದ್ದು ನೆರಳು, ತಂಪು, ಅಡಗಲು ತರಗೆಲೆ ಮತ್ತು ಬಿಲ. ಅವನ್ನೆಲ್ಲ ತೆಗೆದ ಮೇಲೆ ಉಳಿಯುವುದು ಕಲ್ಲು ಮಾತ್ರ.

ಮನೆಗೆ ಬಂದು ಚಿತ್ರಗಳನ್ನು ತೆರೆದಾಗ ಪ್ರತಿಯೊಂದರಲ್ಲೂ ಅದೇ ಮಾತು ಕೇಳಿಸಿತು. ಕೊಳೆತ ಹಲಸಿನ ಎಲೆಯ ಮೇಲೆ ಉಗುರಿಗಿಂತ ಚಿಕ್ಕ ಬಿಳಿ ಅಣಬೆಗಳು ಎದ್ದಿರುವ ಚಿತ್ರ ಅವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಗಲೀಜು ಎಂದದ್ದು ಇದನ್ನೇ. ಈ ತರಗೆಲೆಯ ಹಾಸು ಮಳೆನೀರು ಓಡದಂತೆ ತಡೆದು ಹಿಡಿಯುತ್ತದೆ, ಅದರ ಕೆಳಗಿನ ಮುರಕಲ್ಲು (ಜಂಬಿಟ್ಟಿಗೆ) ಆ ನೀರನ್ನು ಒಳಕ್ಕೆ ಇಳಿಸುತ್ತದೆ, ಬನದ ಕೆಳಗಿನ ತಗ್ಗಿನಲ್ಲೇ ಅವರ ಮನೆಯ ಬಾವಿಯಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿತೆಂದು ಟ್ಯಾಂಕರಿಗೆ ಕಾಯುವ ಮನೆಗಳಿವೆ. ಹೀಗಿರುವಾಗ ಬಿದ್ದ ನೀರಿನ ಹೆಚ್ಚಿನ ಪಾಲನ್ನು ಚರಂಡಿಗೆ ಅಟ್ಟುವ ನೆಲವನ್ನು ದುಡ್ಡು ಕೊಟ್ಟು ಹಾಸಿಸುವುದು ನನಗೆ ತೀರ ಸಂಕಟದ ಸಂಗತಿ.

ಮೊದಲು ಬನದ ಒಣಕಡ್ಡಿಯನ್ನೂ ಯಾರೂ ಒಲೆಗೆ ತರುತ್ತಿರಲಿಲ್ಲ, ನಾಗನ ಭಯವಿತ್ತು. ಈಗ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಪ್ರಾಯಶ್ಚಿತ್ತ ಮಾಡಿಸಿ, ಒಂದೇ ದಿನದಲ್ಲಿ ಗರಗಸ ಆಡಿಸಲು ದಾರಿ ಮಾಡಿಕೊಂಡಿದ್ದೇವೆ. ಮಂಗಳೂರು, ಉಡುಪಿ ಪೇಟೆಗಳ ಸುತ್ತ ಸಿಮೆಂಟು ಕಟ್ಟೆ, ಗ್ರಾನೈಟು, ಸ್ಟೀಲಿನ ಬೇಲಿಯ ನಾಗಬನಗಳನ್ನು ನೋಡಿ ನೋಡಿ, ಬನದಲ್ಲಿ ಮರ ಇರಬೇಕೆಂಬುದೇ ನಮಗೆ ಮರೆತುಹೋಗುತ್ತಿದೆ. ಮರಗಳನ್ನು ಹಾಗೇ ಬಿಟ್ಟು ಪೂಜೆ ನಡೆಸುವ ಮನೆತನಗಳೂ ನಮ್ಮಲ್ಲಿವೆ. ಅವರ ಭಕ್ತಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಹೊರಡುವಾಗ ಅಮ್ಮ, ಹಲಸಿನ ಮರದ ಚಿತ್ರವನ್ನು ದೊಡ್ಡದು ಮಾಡಿಸಿ ಕೊಡಬೇಕೆಂದು ಕೇಳಿದರು. ತಮ್ಮನೊಡನೆ ಒಮ್ಮೆ ಮಾತಾಡಬಹುದೇ ಎಂದು ನಾನು ಕೇಳಿದ್ದಕ್ಕೆ, "ದೀಪಾವಳಿಗೆ ಬರ್ತಾನೆ. ನೀನೇ ಹೇಳು, ನಾನು ಹೇಳಿದರೆ ಹಳೇ ಕಾಲದ್ದು ಅಂತಾನೆ" ಎಂದರು. ಹಲಸಿನ ಚಿತ್ರದ ಜೊತೆಗೆ ಆ ಅಣಬೆಗಳದ್ದನ್ನೂ ಅಷ್ಟೇ ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದೇನೆ. ಪೂಜೆಗೆ ನಿಲ್ಲುವವರ ಕಾಲಿಗೆ ಕೆಸರಾಗದಷ್ಟು ಜಾಗಕ್ಕೆ ಮಾತ್ರ ಕಲ್ಲು ಹಾಸಿಸಿ, ಹಲಸನ್ನೂ ಸುರಗಿಯನ್ನೂ ಉಳಿಸಿಕೊಳ್ಳಿ ಎಂದು ಅವರಲ್ಲಿ ಕೇಳುವವನಿದ್ದೇನೆ.